ಮಲ್ಲಿಕಾಂಬ ಸಹಿ ಹಾಕುವ ಮುನ್ನ

ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲಿ ಹೆರಿಗೆ ನೋವು ಕಷ್ಟಕ್ಕೆ ತಿರುಗಿತೆಂದರೆ ಮನೆಯವರು ಮೊದಲು ವಿಚಾರಿಸುತ್ತಿದ್ದುದು ಬಸ್ಸಿನ ಹೊತ್ತನ್ನು. ತರೀಕೆರೆಗೋ ಕಡೂರಿಗೋ ಸಾಗಿಸಬೇಕು. ಬಸ್ಸು ಹೋಗಿಬಿಟ್ಟಿದ್ದರೆ ಎತ್ತಿನ ಗಾಡಿಗೆ ಹುಲ್ಲು ಹಾಸಬೇಕು. ಬುಕ್ಕಾಂಬುಧಿ ಕೆರೆಯ ಏರಿಯ ಮೇಲೆ ಹಾಗೆ ಹೋಗುತ್ತಿದ್ದ ಗಾಡಿಗಳನ್ನು ಬೆನಕಪ್ಪ ಚಿಕ್ಕಂದಿನಿಂದ ನೋಡಿದ್ದ. ಗಾಡಿಯೊಳಗಿನಿಂದ ಕೂಗು ಕೇಳುತ್ತಿದ್ದಾಗ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಕೂಗು ನಿಂತಾಗ ಆಗುತ್ತಿತ್ತು.

ಅಂಥ ಬೆನಕಪ್ಪನ ಮಗಳು ಮಲ್ಲಿಕಾಂಬ ಡಾಕ್ಟರಾದಳು. ಎಂ.ಬಿ.ಬಿ.ಎಸ್. ಮುಗಿಸಿ, ೧೯೮೪ರಲ್ಲಿ ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆ ಮತ್ತು ಹೆಂಗಸರ ಕಾಯಿಲೆಗಳ ಮೇಲಿನ ಓದು ಓದುತ್ತಿದ್ದಳು. ಹಗಲಿರುಳು ವಾರ್ಡಿನಲ್ಲಿ ಕೆಲಸ, ನಡುನಡುವೆ ಪಾಠ. ಇನ್ನೊಂದು ವರ್ಷ ಬಾಕಿ, ಆಮೇಲೆ ಪರೀಕ್ಷೆ.

ಅಷ್ಟರಲ್ಲೇ ಅವಳಿಗೊಂದು ಕೆಲಸ ನಿಕ್ಕಿಯಾಯಿತು. ಕಡೂರಿನ ಕೊಬ್ಬರಿ ಮಂಡಿಯ ತೀರ್ಥಪ್ಪ ತಮ್ಮ ತಾಯಿಯ ಹೆಸರಿನಲ್ಲಿ ಹೆರಿಗೆ ಆಸ್ಪತ್ರೆ ಕಟ್ಟಿಸುತ್ತಿದ್ದರು. ಬೆನಕಪ್ಪನ ತೋಟದ ಕೊಬ್ಬರಿ ಇಪ್ಪತ್ತು ವರ್ಷದಿಂದ ಅವರ ಮಂಡಿಗೇ ಹೋಗುತ್ತಿತ್ತು. ಒಂದು ದಿನ ಮಠದ ಜಗುಲಿಯಲ್ಲಿ ಸಿಕ್ಕ ತೀರ್ಥಪ್ಪ, "ನಿನ್ ಮಗಳನ್ನ ನಮ್ಮಾಸ್ಪತ್ರೆಗೆ ಕೊಡಪ್ಪ" ಎಂದು ನಾಲ್ಕು ಜನ ಹಿರಿಯರ ಎದುರು ಎಲೆ ಅಡಿಕೆ ಚಾಚಿದರು. ಬೆನಕಪ್ಪ ತೆಗೆದುಕೊಂಡ. ಆ ಕಡೆ ಎಲೆ ಅಡಿಕೆ ತೆಗೆದುಕೊಂಡರೆ ಮಾತು ಕೊಟ್ಟ ಹಾಗೆ. ಮದುವೆಯ ಮಾತೂ ಹಾಗೇ, ಹೋರಿಯ ವ್ಯಾಪಾರವೂ ಹಾಗೇ.

ವಾರದೊಳಗೆ ಕರಾರು ಪತ್ರ ಮನೆಗೆ ಬಂತು. ಛಾಪಾ ಕಾಗದದ ಮೇಲೆ ಟೈಪು ಮಾಡಿದ ಮೂರು ಹಾಳೆ. ಸೋಮವಾರದೊಳಗೆ ಮಗಳ ಸಹಿ ಹಾಕಿಸಿ ತರಬೇಕು.

ಮಲ್ಲಿಕಾಂಬ ನಾಲ್ಕು ದಿನದ ರಜಕ್ಕೆಂದು ಶನಿವಾರ ಊರಿಗೆ ಬಂದಳು. ಅವಳು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಬೆನಕಪ್ಪ ಎಲೆ ಅಡಿಕೆಯ ವಿಷಯ ಹೇಳಿ ಕಾಗದವನ್ನು ಚಾಪೆಯ ಮೇಲೆ ಇಟ್ಟಿದ್ದ.

"ಏನ್ ಬರ್ದಿದಾರಪ್ಪಾ ಇದ್ರಲ್ಲಿ?"

"ಏನ್ ಬರೀತಾರೆ? ನೀನು ಅಲ್ಲಿ ಡಾಕ್ಟ್ರು ಅಂತ ಬರ್ದಿರ್ತಾರೆ. ಸೈನ್ ಹಾಕವ್ವ."

"ಓದ್ಬೇಡ್ವಾ?"

"ತೀರ್ಥಪ್ಪನೋರು ಕಳ್ಸಿರೋ ಕಾಗ್ದ ಕಣವ್ವ. ಓದ್ಕಂಡು ಕೂತ್ರೆ ಅನುಮಾನ ಪಟ್ಟಂಗಾಗುತ್ತೆ."

ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಹೆಂಡತಿ ದಾಕ್ಷಾಯಣಮ್ಮ ಅಲ್ಲಿಂದಲೇ ಕೇಳಿದಳು. "ರೀ, ನೀವು ಹೆಣ್ಣು ಕೊಡೋ ಮಾತಾಡಕ್ಕೆ ಹೋಗಿದ್ರಾ, ಕೆಲಸದ ಮಾತಾಡಕ್ಕೆ ಹೋಗಿದ್ರಾ? ಎಲೆ ಅಡಿಕೆ ಹಾಕ್ಕಂಡು ಬಾಯಿ ಕೆಂಪು ಮಾಡ್ಕಂಡು ಬಂದ್ಬಿಟ್ರಲ್ಲ!"

"ನೀನು ಸುಮ್ನಿರೇ."

ಹಾಗೆಂದು ಬೆನಕಪ್ಪ ತಾನೂ ಸುಮ್ಮನಾದ. ಮಗಳು ತನ್ನ ಮುಖ ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಅವನು ಗದರುವ ಅಪ್ಪನಲ್ಲ. ಆದರೆ ಅವನು ಮಾತು ನಿಲ್ಲಿಸಿದರೆ ಎದುರಾಡುವವರು ಆ ಮನೆಯಲ್ಲಿರಲಿಲ್ಲ. ಹೆಣ್ಣುಹುಡುಗಿಗೆ ಅಷ್ಟು ಓದು ಯಾಕೆಂದು ನೆಂಟರು ಕೇಳಿದ್ದಾಗಲೂ ಅವನು ಹೀಗೇ ಕೂತಿದ್ದ. ಅವರು ಎದ್ದು ಹೋಗುವ ತನಕ ಬಾಯಿ ಬಿಟ್ಟಿರಲಿಲ್ಲ. ಅಂಥ ಅಪ್ಪನಿಗೆ ಇಲ್ಲವೆನ್ನುವುದು ಹೇಗೆ? ಮಲ್ಲಿಕಾಂಬ ಪೆನ್ನಿನ ಮುಚ್ಚಳ ತೆಗೆದಳು.

ಅದೇ ಹೊತ್ತಿಗೆ ಬಾಗಿಲಲ್ಲಿ ಕೆಮ್ಮಿನ ಸದ್ದಾಯಿತು. ಬಂದವನು ಕಲ್ಲೇಶಪ್ಪ. ಬೆನಕಪ್ಪನ ಜೊತೆ ಓದಿದವನು, ತರೀಕೆರೆಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂತು ಮೂವತ್ತು ವರ್ಷದಿಂದ ಜನರ ಪತ್ರ ಬರೆದುಕೊಡುತ್ತಿದ್ದವನು.

"ಏನವ್ವಾ ಡಾಕ್ಟ್ರಮ್ಮ, ನನ್ ಮೊಣಕಾಲಿಗೆ ಏನಾರ ಹೇಳು ಅಂತ ಬಂದೆ."

"ನಾನು ಹೆರಿಗೆ ಡಾಕ್ಟ್ರು ಮಾವಾ."

"ಹಂಗಾದ್ರೆ ಬಿಡು, ನಂಗದು ಬೇಕಾಗಲ್ಲ" ಎಂದು ಕಲ್ಲೇಶಪ್ಪ ಚಾಪೆಯ ತುದಿಗೆ ಕೂತ. ಛಾಪಾ ಕಾಗದ ಕಂಡದ್ದೇ ಅವನ ಕೈ ಕನ್ನಡಕಕ್ಕೆ ಹೋಯಿತು.

"ಲೇ ಕಲ್ಲೇಶಿ, ಇಡು ಕೆಳಗೆ. ಓದ್ಬೇಡ."

"ಯಾಕೋ, ಕೈ ಸುಡುತ್ತಾ?"

"ನಂಬಿಕೆ ಮೇಲೆ ನಡ್ಯೋ ವ್ಯವಹಾರ ಕಣೋ ಇದು."

"ಓಹೋ! ನಿಮ್ಮಣ್ಣನ ಜತೆ ತೋಟ ಭಾಗ ಮಾಡ್ಕಂಡಾಗ ಚಕ್ಕುಬಂದಿನ ನನ್ ಹತ್ರ ಎಷ್ಟು ಸಲ ಓದಿಸ್ದೆ? ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿಜಾಡು, ಉತ್ತರಕ್ಕೆ ಬೀರಪ್ಪನ ಹೊಲ, ದಕ್ಷಿಣಕ್ಕೆ ಗೋಮಾಳ. ಮೂರು ಸಲ ಓದಿಸ್ದೆ. ಒಡಹುಟ್ಟಿದ ಅಣ್ಣ ಕಣೋ ಅವನು! ಆಗ ಅನುಮಾನ ಆಗ್ಲಿಲ್ವಾ?"

"ಅದು ಭೂಮಿ."

"ಇದು ಮಗಳು."

ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತು. ಕಲ್ಲೇಶಪ್ಪ ದನಿ ತಗ್ಗಿಸಿದ. "ಭೂಮಿಗೆ ಇರೋ ಹಂಗೇ ಕೆಲಸಕ್ಕೂ ನಾಲ್ಕು ಎಲ್ಲೆ ಇರುತ್ತೆ ಕಣೋ. ಯಾವತ್ತು ಶುರು, ಯಾವತ್ತು ಮುಗಿಯುತ್ತೆ, ಏನು ಕೆಲಸ, ಬಿಡೋದಾದ್ರೆ ಹೆಂಗೆ. ಈ ನಾಲ್ಕು ಕಣ್ಣಿಗೆ ಕಾಣದೆ ಸೈನ್ ಹಾಕ್ಬಾರ್ದು." ಆಮೇಲೆ ಓದತೊಡಗಿದ. ಸಂಬಳ ಸರಿಯಾಗಿಯೇ ಇತ್ತು. ಏಳು ವರ್ಷದ ಕರಾರು. "'ವೈದ್ಯರು ಬರುವ ವರ್ಷದ ಜೂನ್ ಒಂದನೇ ತಾರೀಖಿನಂದು ತಪ್ಪದೆ ಹಾಜರಾಗತಕ್ಕದ್ದು.' ನಿನ್ನ ಪರೀಕ್ಷೆ ಯಾವಾಗವ್ವ?"

"ಏಪ್ರಿಲ್ ಅಂತಾರೆ. ಹೋದ ವರ್ಷದೋರಿಗೆ ಮೂರು ತಿಂಗಳು ಮುಂದಕ್ಕೆ ಹಾಕಿದ್ರು."

"ಹಂಗಾದ್ರೆ ಪರೀಕ್ಷೆ ಬಿಟ್ಟು ಬರ್ಬೇಕು, ಇಲ್ಲಾ ಕರಾರು ಮುರಿದೋಳು ಅನ್ನಿಸ್ಕೋಬೇಕು. ಮುಂದೆ ಕೇಳು. 'ವೈದ್ಯರ ಅಸಲು ಸರ್ಟಿಫಿಕೇಟುಗಳು ಆಡಳಿತದ ವಶದಲ್ಲಿರತಕ್ಕದ್ದು.'"

"ಅಸಲಾ?" ಮಲ್ಲಿಕಾಂಬ ಬೆಚ್ಚಿದಳು. "ಅದಿಲ್ದೆ ನಾನು ಎಲ್ಲಿಗೂ ಅರ್ಜಿ ಹಾಕಂಗಿಲ್ಲ ಮಾವಾ."

"ಅದಕ್ಕೇ ಅದನ್ನ ಯಾರ ಕೈಗೂ ಬಿಟ್ಟು ಬರ್ಬಾರ್ದು. ಇನ್ನೊಂದೈತೆ. 'ಕೆಲಸ ಬಿಟ್ಟ ತರುವಾಯ ಹತ್ತು ವರ್ಷಗಳ ಕಾಲ ಕಡೂರು, ತರೀಕೆರೆ, ಅಜ್ಜಂಪುರ ಮತ್ತು ಸುತ್ತಲ ಹಳ್ಳಿಗಳಲ್ಲಿ ಸ್ವಂತವಾಗಿ ಆಗಲೀ, ಬೇರೆಯವರಲ್ಲಾಗಲೀ ಇದೇ ವೃತ್ತಿ ನಡೆಸಕೂಡದು.'"

ಮಲ್ಲಿಕಾಂಬ ಪೆನ್ನಿನ ಮುಚ್ಚಳ ಹಾಕಿದಳು. ಮೆಲ್ಲಗೆ ಹೇಳಿದಳು. "ಅಜ್ಜಂಪುರದಲ್ಲಿ ಒಂದು ಹೆರಿಗೇನೂ ಮಾಡಂಗಿಲ್ಲ ಅಂತಾಯ್ತು. ನಾನು ಈ ಓದಿಗೆ ಸೇರಿದ್ದೇ ಅದಕ್ಕಲ್ವಾ ಅಪ್ಪಾ?"

ಬೆನಕಪ್ಪನಿಗೆ ಕೆರೆ ಏರಿಯ ಮೇಲಿನ ಗಾಡಿ ನೆನಪಾಯಿತು.

"ಇಂಥ ಷರತ್ತು ಕಾನೂನಲ್ಲಿ ನಿಲ್ಲುತ್ತೋ ಇಲ್ವೋ ವಕೀಲರು ಹೇಳ್ಬೇಕು" ಎಂದ ಕಲ್ಲೇಶಪ್ಪ. "ನಿಲ್ಲಲ್ಲ ಅಂತ್ಲೇ ಇಟ್ಕೊ. ಅದನ್ನ ಹೇಳಿಸಕ್ಕೆ ಎಷ್ಟು ವರ್ಷ ಕೋರ್ಟಿಗೆ ಅಲೀತೀಯ? ಅದೂ ತೀರ್ಥಪ್ಪನೋರ ಎದುರು?"

"ಮಾತು ಕೊಟ್ಬಿಟ್ಟಿದೀನಲ್ಲೋ."

"ಯಾರ ಮಾತು ಕೊಟ್ಟೆ ನೀನು? ನಿಂದಾ, ಅವಳದಾ?"

ಬೆನಕಪ್ಪ ಕೈ ಚಾಚಿದ. ಕೊನೆಯ ಹಾಳೆ ಓದುವ ಮುಂಚೆಯೇ ಕಾಗದವನ್ನು ಈಸಿಕೊಂಡು ಮಡಿಸಿದ. "ಸಾಕು ಕಣೋ. ಸೋಮವಾರ ನೀನೂ ನನ್ ಜತೆ ಬಾರವ್ವ" ಎಂದಷ್ಟೇ ಮಗಳಿಗೆ ಹೇಳಿದ.

ಸೋಮವಾರ ಕಡೂರಿನ ಮಂಡಿಯಲ್ಲಿ ಕೊಬ್ಬರಿಯ ತೂಕ ನಡೆದಿತ್ತು. ತೀರ್ಥಪ್ಪ ಮುಖವರಳಿಸಿದರು. "ಬಾರವ್ವ ಡಾಕ್ಟ್ರಮ್ಮ, ಬಾ. ಸೈನ್ ಆಯ್ತೇನಪ್ಪ ಬೆನಕಪ್ಪ?"

"ಇಲ್ಲ ತೀರ್ಥಪ್ಪನೋರೇ. ಓದ್ಬೇಕು. ನಿಮ್ಮ ಮುಂದೆ ಕೂತೇ ಓದ್ಬೇಕು ಅಂತ ಬಂದ್ವಿ."

ತೀರ್ಥಪ್ಪನವರ ನಗು ಮಾಸಿತು. ತೂಕದವರು ಕೈ ನಿಲ್ಲಿಸಿದರು.

"ಅಂದ್ರೆ ಇಪ್ಪತ್ತು ವರ್ಷ ಆದ್ಮೇಲೆ ನನ್ ಮೇಲೆ ನಂಬಿಕೆ ಹೋಯ್ತು ಅನ್ನು."

ಅಷ್ಟೆಂದು ತೀರ್ಥಪ್ಪ ಬೆನಕಪ್ಪನ ಮುಖವನ್ನೇ ನೋಡುತ್ತ ಕೂತರು. ಜೀವಮಾನವಿಡೀ ತಾನು ಸುಮ್ಮನಿದ್ದು ಬೇರೆಯವರನ್ನು ಮಣಿಸಿದವನು ಅವನು. ಇನ್ನೊಬ್ಬರು ಸುಮ್ಮನೆ ಕೂತು ತನ್ನನ್ನು ನೋಡಿದರೆ ಹೇಗಿರುತ್ತದೆಂದು ಈಗ ತಿಳಿಯಿತು. "ಇರ್ಲಿ ಬಿಡಿ, ಹಾಕ್ತಾಳೆ" ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಮಗಳೂ ಶನಿವಾರ ಚಾಪೆಯ ಮೇಲೆ ಹೀಗೇ ಕೂತಿದ್ದಳಲ್ಲವೇ ಅನ್ನಿಸಿ ಅದನ್ನು ನುಂಗಿಕೊಂಡ.

"ನಂಬಿಕೆ ಇರೋದ್ಕೇ ಬಂದೆ. ಇಲ್ದಿದ್ರೆ ಕಾಗ್ದ ವಾಪಸ್ ಕಳಿಸಿ ಮನೇಲಿರ್ತಿದ್ದೆ. ಓದವ್ವ."

ಮಲ್ಲಿಕಾಂಬ ಗಟ್ಟಿಯಾಗಿ ಓದಿದಳು. ಜೂನ್ ತಿಂಗಳ ಮಾತು, ಸರ್ಟಿಫಿಕೇಟಿನ ಮಾತು, ಹತ್ತು ವರ್ಷದ ಮಾತು. ಮನೆಯಲ್ಲಿ ಯಾರೂ ಓದಿರದ ಮೂರನೆಯ ಹಾಳೆಗೆ ಬಂದಾಗ ಅವಳ ದನಿ ತಡೆಯಿತು. "'ತೂಕದಲ್ಲಿ ಕೊರತೆ ಕಂಡುಬಂದಲ್ಲಿ ಸದರಿ ವೈದ್ಯರೇ ಬಾಧ್ಯಸ್ಥರು.' ತೀರ್ಥಪ್ಪ ಮಾವಾ, ಕೂಸಿನ ತೂಕ ಕಮ್ಮಿ ಬಂದ್ರೆ ನಾನು ತುಂಬ್ಕೊಡ್ಬೇಕಾ?"

ತಕ್ಕಡಿಯ ಹತ್ತಿರ ಯಾರೋ ಕಿಸಕ್ಕನೆ ನಕ್ಕರು. ತೀರ್ಥಪ್ಪ ಕಾಗದ ಕಿತ್ತುಕೊಂಡು ನೋಡಿ ಗುಮಾಸ್ತನನ್ನು ಕೂಗಿದರು. "ಲೇ ಓಂಕಾರಮೂರ್ತಿ! ಇದೇನೋ ಇದು?"

"ನೀವೇ ಹೇಳಿದ್ರಲ್ಲ ಯಜಮಾನ್ರೇ, ಮಂಡಿ ಗುಮಾಸ್ತರ ಹತ್ರ ಬರೆಸ್ಕಳ್ಳೋ ಹಂಗೇ ಬರೆಸು ಅಂತ. ಗುಮಾಸ್ತ ಅಂತ ಇದ್ದ ಕಡೆಯೆಲ್ಲ ವೈದ್ಯರು ಅಂತ ಹಾಕಿಸ್ದೆ."

ಮಂಡಿಯ ಗುಮಾಸ್ತರು ಕೆಲಸ ಬಿಟ್ಟು ಪಕ್ಕದಲ್ಲೇ ಮಂಡಿ ತೆರೆದು ರೈತರನ್ನು ಸೆಳೆದುಕೊಳ್ಳುತ್ತಿದ್ದ ಕಾಲವದು. ಅದಕ್ಕೆಂದು ಮಾಡಿದ್ದ ಕರಾರು ಹೆರಿಗೆ ಡಾಕ್ಟರ ತಲೆಗೆ ಬಂದಿತ್ತು. ತೀರ್ಥಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಾನೂ ಓದಿರ್ಲಿಲ್ಲ ಕಣವ್ವ. ಹೇಳು, ಹೆಂಗ್ ಬರೆಸೋಣ?"

ಏಳು ವರ್ಷದ ಕರಾರಿನ ಬದಲು ಮಲ್ಲಿಕಾಂಬ ಎರಡು ವರ್ಷ ಎಂದಳು. "ಕಟ್ಟಡ ಕಟ್ಟಿಸಿ ಡಾಕ್ಟ್ರಿಲ್ದೆ ಕೂರ್ಲಾ ನಾನು?" ಎಂದು ತೀರ್ಥಪ್ಪ ಹಿಡಿದರು. ಅದೂ ನ್ಯಾಯವೇ. ಮೂರಕ್ಕೆ ಒಪ್ಪಿದರು. ಫಲಿತಾಂಶ ಬಂದ ಎರಡು ತಿಂಗಳಿಗೆ ಕೆಲಸಕ್ಕೆ ಸೇರುವುದು. ಅಸಲು ಸರ್ಟಿಫಿಕೇಟು ಅವಳ ಬಳಿಯೇ, ಆಸ್ಪತ್ರೆಗೆ ನಕಲು. ಬಿಡುವುದಾದರೂ ಬಿಡಿಸುವುದಾದರೂ ಮೂರು ತಿಂಗಳು ಮೊದಲೇ ತಿಳಿಸುವುದು. ವಾರಕ್ಕೊಂದು ದಿನ ಅಜ್ಜಂಪುರದಲ್ಲಿ ರೋಗಿಗಳನ್ನು ನೋಡಲು ಅಡ್ಡಿಯಿಲ್ಲ. ಹತ್ತು ವರ್ಷದ ಷರತ್ತನ್ನು ತೀರ್ಥಪ್ಪ ತಾವೇ ಹೊಡೆದುಹಾಕಿದರು.

ಆದರೂ ಅವಳು ಅಂದು ಸಹಿ ಹಾಕಲಿಲ್ಲ. "ಹೊಸದಾಗಿ ಟೈಪ್ ಆದ್ಮೇಲೆ ಒಂದು ಪ್ರತಿ ಮೈಸೂರಿಗೆ ಕಳಿಸಿ ಮಾವಾ. ನಮಗೆ ಪಾಠ ಮಾಡೋ ಮೇಡಂಗೆ, ಒಬ್ರು ವಕೀಲರಿಗೆ ತೋರಿಸಿ ಹದಿನೈದು ದಿನದಲ್ಲಿ ಹೇಳ್ತೀನಿ."

"ಆಗ್ಲಿ ತಾಯಿ. ಈ ಸಲ ನಾನೂ ಓದ್ತೀನಿ" ಎಂದರು ತೀರ್ಥಪ್ಪ.

ಊರಿಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಅಪ್ಪ ಮಗಳು ಎದುರುಬದುರು ಕೂತರು. ಬೀರೂರು ದಾಟುವವರೆಗೂ ಬೆನಕಪ್ಪ ಕಿಟಕಿಯ ಆಚೆ ನೋಡುತ್ತಿದ್ದ. ಮಲ್ಲಿಕಾಂಬಳಿಗೆ ಅದು ಅಭ್ಯಾಸವೇ. ಅವಳು ನಿದ್ದೆಗೆ ಜಾರುತ್ತಿದ್ದಾಗ ಅವನು ಒಮ್ಮೆಲೇ ಹೇಳಿದ.

"ಮಲ್ಲೀ, ಮಠದಲ್ಲಿ ಎಲೆ ಅಡಿಕೆ ತಗಳೋ ಮುಂಚೆ ನಿನಗೊಂದು ಕಾಗ್ದ ಬರೀಬೇಕಿತ್ತು ಕಣವ್ವ. ತಪ್ಪಾಯ್ತು."

ಅಪ್ಪನ ಬಾಯಿಂದ ಆ ಮಾತನ್ನು ಅವಳು ಎಂದೂ ಕೇಳಿರಲಿಲ್ಲ. ಎದ್ದು ಬಂದು ಅವನ ಪಕ್ಕದಲ್ಲಿ ಕೂತಳು.

ಬಂಧುಗಳೇ, ನಿಮ್ಮ ಮನೆಯಲ್ಲೂ ಡಾಕ್ಟರ್ ಓದುವ, ನರ್ಸ್ ಓದುವ ಮಕ್ಕಳಿರಬಹುದು. ಓದು ಮುಗಿಯುವ ಮೊದಲೇ ಕೆಲಸ ಹುಡುಕಿಕೊಂಡು ಬಂದರೆ ಸಂತೋಷಪಡಿ. ಸಹಿಗೆ ಮಾತ್ರ ಅವಸರ ಮಾಡಬೇಡಿ. ಕೊನೆಯ ಹಾಳೆಯ ಕೊನೆಯ ಸಾಲಿನವರೆಗೂ ಓದಿ. ಪರೀಕ್ಷೆ ತಡವಾದರೆ ಏನು, ಕೆಲಸ ಬಿಟ್ಟರೆ ಏನು, ಆಮೇಲೆ ಎಲ್ಲಿ ದುಡಿಯಬಹುದು ಎಂದು ಬಾಯಿಬಿಟ್ಟು ಕೇಳಿ. ಅಸಲು ಸರ್ಟಿಫಿಕೇಟನ್ನು ಯಾರಿಗೂ ಒಪ್ಪಿಸಬೇಡಿ. ಸಹಿಯಾದ ಪತ್ರದ ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ. ತಿಳಿಯದ್ದನ್ನು ತಿಳಿದವರಿಗೆ ತೋರಿಸಿ, ಅದಕ್ಕೆ ಹದಿನೈದು ದಿನ ಹಿಡಿದರೆ ಹಿಡಿಯಲಿ. ಒಳ್ಳೆಯವರು ಕಾಯುತ್ತಾರೆ.

ಇನ್ನು ತಂದೆತಾಯಿಗಳಿಗೆ ಒಂದು ಬಿನ್ನಹ. ಮಕ್ಕಳ ಪರವಾಗಿ ಯಾರಿಗಾದರೂ ಮಾತು ಕೊಡುವ ಮುನ್ನ, ಆ ಮಕ್ಕಳನ್ನೇ ಕೂರಿಸಿಕೊಂಡು ಒಂದು ಮಾತು ಕೇಳಿ.