ಗುರುತಿನ ಹನಿ

ಲ್ಯಾಬಿನ ಸಭೆಯಲ್ಲಿ, ಪರದೆಯ ಮೇಲಿನ ಗೆರೆಯಲ್ಲಿ ಮೊದಲು ಒಂದು ಪುಟ್ಟ ಉಬ್ಬು, ಅದರ ಬೆನ್ನಿಗೇ ದೊಡ್ಡ ಶಿಖರ. ಹಿಂದಿನ ಸಾಲಿನಲ್ಲಿ ಕೂತಿದ್ದ ಸಂಶೋಧಕಿ ಕುತ್ತಿಗೆ ಚಾಚಿ ನೋಡಿದಳು. ಆ ಪುಟ್ಟ ಉಬ್ಬು ಅವಳದು.

ಇಲಿಯ ಪಿತ್ತಜನಕಾಂಗವನ್ನು ಅರೆದು, ಸೋಸಿ, ಆ ರಸವನ್ನು ಯಂತ್ರದ ಸಪೂರ ಕೊಳವೆಯಲ್ಲಿ ಹಾಯಿಸಿದರೆ ಒಂದೊಂದು ವಸ್ತುವೂ ಬೇರೆಬೇರೆಯಾಗಿ ಹೊರಬಂದು ಗೆರೆಯಲ್ಲಿ ತಲೆ ಎತ್ತುತ್ತದೆ. ಜೀವಕೋಶಗಳನ್ನು ತುಕ್ಕು ಹಿಡಿಯದಂತೆ ಕಾಯುವ ಗ್ಲುಟಾಥಯೋನ್ ಅದರಲ್ಲಿ ಎಷ್ಟಿದೆ ಎಂದು ಅಳೆಯುವುದು ಅವಳ ಕೆಲಸ. ಅದೋ ಮಹಾ ಸೂಕ್ಷ್ಮ. ಐಸಿನಿಂದ ಈಚೆ ಇಟ್ಟು ಮೈಮರೆತರೆ ಕೆಟ್ಟಿತೆಂದೇ ಲೆಕ್ಕ. ಅರೆಯುವಾಗ ಎಷ್ಟು ನಷ್ಟವಾಯಿತೆಂದು ತಿಳಿಯಲು ಅವಳು ಪ್ರತಿ ಟ್ಯೂಬಿಗೂ ಒಂದು ಹನಿ ಗುರುತಿನ ದ್ರವ ಹಾಕುತ್ತಿದ್ದಳು. ಗೆರೆಯಲ್ಲಿ ಅದು ಶಿಖರಕ್ಕಿಂತ ಮೊದಲು ಪುಟ್ಟ ಉಬ್ಬಾಗಿ ಏಳುತ್ತಿತ್ತು. ಲ್ಯಾಬಿನಲ್ಲಿ ಉಳಿದವರಾರಿಗೂ ಆ ಉಸಾಬರಿ ಬೇಕಿರಲಿಲ್ಲ.

ಹೋದ ತಿಂಗಳು ಮಗುವಿಗೆ ಜ್ವರ ಬಂದಾಗ, "ನೀನ್ ಹೋಗೇ, ನಿನ್ ಟ್ಯೂಬ್ ನಾನ್ ಮೆಷಿನ್‌ಗೆ ಹಾಕ್ತೀನಿ" ಎಂದು ಅವಳನ್ನು ಮನೆಗೆ ಕಳಿಸಿದ್ದು ಹಿರಿಯ ಸಂಶೋಧಕಿ, ಲ್ಯಾಬಿನವರ ಪಾಲಿನ ಅಕ್ಕ. ಮರುದಿನ ತಬ್ಬಿಕೊಂಡು, "ಎಲ್ಲಾ ಕೆಟ್ಟೋಗಿತ್ತು ಕಣೇ, ಗೆರೆ ಏಳ್ಲೇ ಇಲ್ಲ. ಚೆಲ್ಬಿಟ್ಟೆ" ಅಂದಿದ್ದಳು. ತಾನೇ ಐಸ್ ಸಾಕಷ್ಟು ಹಾಕದೆ ಹಾಳುಮಾಡಿದೆನೆಂದು ಇವಳು ಆ ಹೆಗಲ ಮೇಲೇ ಅತ್ತಿದ್ದಳು. ವರ್ಷದ ದುಡಿಮೆ ಮಣ್ಣುಪಾಲಾಯಿತೆಂದು ಮತ್ತೆ ಮೊದಲಿನಿಂದ ಶುರುಮಾಡಿದ್ದಳು. ಥೂ, ಎಂಥ ಪೆದ್ದಿ! ಈಗ ಅದೇ ಅಕ್ಕ ಪರದೆಯ ಪಕ್ಕ ನಿಂತು "ನನ್ನ ಪ್ರಯೋಗ" ಎನ್ನುತ್ತಿದ್ದಾಳೆ.

"ಮುಂದಿರೋ ಆ ಚಿಕ್ಕದು ಏನಮ್ಮಾ?" ಇಬ್ಬರಿಗೂ ಗೈಡ್ ಆಗಿದ್ದ ಪ್ರೊಫೆಸರ್ ಕೇಳಿದರು.

"ಏನೋ ಕೊಳೆ ಸರ್," ಅಕ್ಕ ತಡವರಿಸಲಿಲ್ಲ.

ಸಂಶೋಧಕಿ ಎದ್ದು ನಿಂತಳು. "ಅದು ಕೊಳೆ ಅಲ್ಲಕ್ಕಾ. ನಾನು ಹಾಕಿದ ಹನಿ. ನನ್ನ ಟ್ಯೂಬ್ ಬಿಟ್ರೆ ಇನ್ಯಾರದ್ರಲ್ಲೂ ಇರಲ್ಲ."

ಅಕ್ಕನ ಮುಖ ಬಿಳಿಚಿಕೊಂಡಿತು. ಪ್ರೊಫೆಸರು ಕನ್ನಡಕ ತೆಗೆದು, ನಿಧಾನವಾಗಿ ಒರೆಸಿ, ಇವಳ ಕಡೆ ತಿರುಗಿ ನಕ್ಕರು.

"ಕೂತ್ಕೊಳಮ್ಮಾ. ಪೇಪರ್ ಆಗ್ಲೇ ಜರ್ನಲ್‌ಗೆ ಕಳಿಸಾಯ್ತು. ನಾವೆಲ್ಲ ಒಂದೇ ಮನೆಯವ್ರು, ನಿಂದು ನಂದು ಅಂತ ಯಾಕೆ?"

ಅವರಾದರೂ ಅಕ್ಕನನ್ನು ಕೇಳುತ್ತಾರೆಂದು ಅವಳು ನಂಬಿದ್ದಳು.

ಸಂಜೆ ಅಕ್ಕ ಎಂದಿನಂತೆ ಲ್ಯಾಬಿನ ಬಾಗಿಲಿಗೆ ಬಂದು ನಿಂತಳು. "ಸಿಟ್ಟಾ? ಮಗು ಕಾಯ್ತಿರತ್ತೆ, ಹೋಗು. ಟ್ಯೂಬ್ ಕೊಡು, ನಾನ್ ಹಾಕ್ತೀನಿ."

ಇವಳು ಹೊಸ ಟ್ಯೂಬುಗಳಿದ್ದ ಐಸ್ ಪೆಟ್ಟಿಗೆಯನ್ನು ಮಡಿಲಿಗೆ ಎಳೆದುಕೊಂಡು ಎರಡೂ ಕೈಯಲ್ಲಿ ತಬ್ಬಿ, ತನ್ನ ಸರದಿಗೆ ಕಾಯುತ್ತ ಕೂತಳು. ಕರಗಿದ ನೀರು ತೊಡೆ ನೆನೆಸಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಯಂತ್ರದಲ್ಲಿ ಇನ್ನೂ ಬೇರೆಯವರ ಸರದಿ ನಡೆದಿತ್ತು.