ಅಗಿಯುವ ಕ್ಯಾಪ್ಸೂಲಿನ ಗೋವಿಂದಯ್ಯ

ಗೋವಿಂದಯ್ಯನವರು ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ಗಂಟಲು ನೋಡುತ್ತಿದ್ದರು. ಚಿತ್ರದುರ್ಗದ ಹೋಟೆಲಿನಲ್ಲಿ ಅವರೆದುರು ಕೂತು ಇಡ್ಲಿ ತಿನ್ನುವುದೆಂದರೆ ಹಳೆಯ ಗೆಳೆಯನಾದ ನನಗೂ ಪರೀಕ್ಷೆಗೆ ಕೂತಂತೆಯೇ. ಫಾರ್ಮಸಿ ಕಾಲೇಜಿನ ಮೇಷ್ಟ್ರು. ಜೇಬಿನ ಅಂಚೆಲ್ಲ ಅಂಟಂಟಾದ ಬಿಳಿ ಕೋಟು. ತಾವು ಮಾಡಿದ ಮೆದು ಕ್ಯಾಪ್ಸೂಲುಗಳನ್ನು ಮೊದಲು ತಾವೇ ಅಗಿದು ನೋಡುವ ಚಟ. ಸದಾ ಬಾಯಾಡಿಸುವ ಮೇಷ್ಟ್ರಿಗೆ ಅಡಿಕೆ ಹುಚ್ಚೆಂದು ವಿದ್ಯಾರ್ಥಿಗಳು ನಂಬಿದ್ದರು.

ಕ್ಯಾಪ್ಸೂಲಿನ ಈ ಹುಚ್ಚು ಹತ್ತಿದ್ದು ಅಕ್ಕನಿಂದ. ತಾಯಿಯಿಲ್ಲದ ತಮ್ಮನನ್ನು ತಾಳ್ಯವೆಂಬ ಹಳ್ಳಿಯಲ್ಲಿ ಸಾಕಿ ಓದಿಸಿದ ಏಕಾಂತಮ್ಮನವರಿಗೆ ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ ಪಾರ್ಶ್ವವಾಯು ಬಡಿಯಿತು. ಅಗಿದದ್ದು ಇಳಿಯುತ್ತಿತ್ತು, ಇಡೀ ಮಾತ್ರೆ ಇಳಿಯುತ್ತಿರಲಿಲ್ಲ, ಕಹಿಗೆ ಅದನ್ನು ಅಗಿಯಲೂ ಆಗುತ್ತಿರಲಿಲ್ಲ. ಬಾಳೆಹಣ್ಣಿನೊಳಗಿಟ್ಟು ಕೊಟ್ಟರೆ ಹಣ್ಣು ಹೋಗಿ ಮಾತ್ರೆ ಕೆನ್ನೆಯಲ್ಲಿ ಉಳಿಯುತ್ತಿತ್ತು. ಪುಡಿಮಾಡಿ ನೀರಲ್ಲಿ ಕದಡಿದರೆ ನೆತ್ತಿಗೇರುತ್ತಿತ್ತು. ರಕ್ತದೊತ್ತಡದ ಔಷಧ ಹೀಗೆ ತಪ್ಪುತ್ತಿದ್ದರೆ ಇನ್ನೊಂದು ಆಘಾತ ಖಂಡಿತವೆಂದು ಡಾಕ್ಟರು ಎಚ್ಚರಿಸಿದ್ದರು. ಎರಡು ವರ್ಷದ ರಜೆಗಳನ್ನೆಲ್ಲ ಪ್ರಯೋಗಾಲಯಕ್ಕೆ ಸುರಿದು, ಔಷಧದ ಕಹಿಯನ್ನು ಏಲಕ್ಕಿಯಲ್ಲಿ ಅಡಗಿಸಿದ ಮೆತ್ತನೆಯ ಕ್ಯಾಪ್ಸೂಲನ್ನು ಗೋವಿಂದಯ್ಯ ಅಕ್ಕನ ಮುಂದೆ ಹಿಡಿದಾಗ ನಾನೂ ಜೊತೆಗಿದ್ದೆ.

"ಅಕ್ಕ, ಒಂದು ಮಾತು. ಇದರ ಸಿಪ್ಪೇಲಿ ಮೂಳೆ ಕಾಯ್ಸಿ ತೆಗೆದ ಅಂಟು ಐತೆ," ಎಂದರು.

ಮೊಟ್ಟೆಯನ್ನೂ ಹೊಸಿಲು ದಾಟಿಸದ ಹೆಂಗಸು ತುಟಿ ಬಿಗಿದರು. ಆಮೇಲೆ ತೊದಲುತ್ತ, "ಹೇಳಿದ್ದು ಒಳ್ಳೇದಾತು ಬಿಡಪ್ಪ. ನಿನ್ನ ಕೈಯಾರೆ ಕೊಟ್ಟಿದ್ರೆ ಏನು ಅಂತ ನಾನು ಕೇಳ್ತಿದ್ನಾ?" ಎಂದರು. ಗೋವಿಂದಯ್ಯ ಕಾಲು ಹಿಡಿದರೂ ಅತ್ತರೂ ಅಕ್ಕ ಒಪ್ಪಲಿಲ್ಲ. ಸಸ್ಯಮೂಲದ ಅಂಟಿಗಾಗಿ ಅವರು ಪರದಾಡುತ್ತಿದ್ದಾಗಲೇ, ಅದೇ ವರ್ಷ ದೀಪಾವಳಿಗೆ ಮುಂಚೆ, ಎರಡನೆಯ ಆಘಾತ ಅಕ್ಕನನ್ನು ಒಯ್ದಿತು. "ನಾನು ಸುಮ್ನಿದ್ದಿದ್ರೆ ಬದುಕಿರೋಳು," ಎಂದು ಅವರು ನನ್ನೆದುರು ಕುಸಿದರು.

ಆದರೂ ಕೆಲಸ ಬಿಡಲಿಲ್ಲ. ಕಡಲಪಾಚಿ ಮತ್ತು ಗಂಜಿಯ ಅಂಟು ದುರ್ಗದ ಬೇಸಿಗೆಗೆ ಕರಗಿ ಮುದ್ದೆಯಾಗುವುದನ್ನು ತಡೆಯಲು ಮತ್ತೆ ಆರು ವರ್ಷ ಹಿಡಿಯಿತು. ಎರಡು ಸಾವಿರದ ನಾಲ್ಕರಲ್ಲಿ ಆಸ್ಪತ್ರೆಯೊಂದು ಪರೀಕ್ಷೆಗೆ ಒಪ್ಪಿದಾಗ, ಮೊದಲ ರೋಗಿ ಕುರಿ ಕಾಯುವ ಮಾರಣ್ಣ.

"ಇದರಾಗೆ ಮೂಳೆ ಅಂಟು ಇಲ್ಲ, ಯೋಚ್ನೆ ಮಾಡಬ್ಯಾಡ್ರಿ," ಎಂದು ಗೋವಿಂದಯ್ಯ ಶುರುಮಾಡಿದರು.

"ನಾವು ಕುರಿಯೋರು ಸಾಮಿ. ಮೂಳೆ ಇದ್ರೂ ನಡೀತೈತೆ, ಕೊಡ್ರಿ," ಎಂದು ಮುದುಕ ಬಾಯಿ ತೆರೆದ.

ವಾರ್ಡೆಲ್ಲ ನಕ್ಕಿತು. ಮಾರಣ್ಣ ಸಲೀಸಾಗಿ ಅಗಿದು ನುಂಗಿದ. ಗೋವಿಂದಯ್ಯನವರು ಗೋಡೆಯ ಕಡೆ ತಿರುಗಿ ನಿಂತು ಕಣ್ಣೊರೆಸಿಕೊಂಡರು.

ನಿಜ ಹೇಳಿ ನಿರಾಳವಾಗುವವರನ್ನು ನಾನು ಬಹಳ ಕಂಡಿದ್ದೇನೆ. ಹೇಳಿದ ನಿಜಕ್ಕಾಗಿ ಬದುಕಿಡೀ ನರಳುತ್ತ, ಮತ್ತೆ ಅಂಥದೇ ಗಳಿಗೆ ಬಂದರೆ ಮತ್ತೆ ನಿಜವನ್ನೇ ಹೇಳುವವರು ಅಪರೂಪ. ಅಂಥವರ ಕೈಯಿಂದ ಎಷ್ಟು ಜನ ಬದುಕಿಕೊಂಡರೂ, ಅವರ ಲೆಕ್ಕದಲ್ಲಿ ಸದಾ ಒಬ್ಬರು ಕಡಿಮೆ.