ಯಜ್ಞೇಶ್ವರರ ಬಾಣಂತಿ ಬಾಯ್ಲರ್

ಮುಂಬಯಿ ಬಳಿ ರಬಾಳೆಯ ಕೆಮಿಕಲ್ ಕಾರ್ಖಾನೆಯಲ್ಲಿ ಬಾಯ್ಲರ್ ಎಂಜಿನಿಯರ್ ಆಗಿದ್ದ ಯಜ್ಞೇಶ್ವರರಿಗೆ ಇಂಧನ ಉಳಿತಾಯದ ಬಗ್ಗೆ ಭಾಷಣ ಮಾಡುವ ಚಟವಿತ್ತು. ಚಟವೆಂದರೆ ಚಟವೇ. ಬೀಡಿ ಸೇದುವವರಾದರೂ ಪಕ್ಕದವರನ್ನು ಒಂದು ಮಾತು ಕೇಳಿ ಹಚ್ಚಿಕೊಳ್ಳುತ್ತಾರೆ, ಇವರು ಕೇಳುತ್ತಿರಲಿಲ್ಲ. ಡೊಂಬಿವಲಿಯಿಂದ ಠಾಣೆಯವರೆಗಿನ ಲೋಕಲ್‌ನಲ್ಲಿ, ನೇತಾಡಲು ಹಿಡಿ ಸಿಗದೆ ಒದ್ದಾಡುತ್ತಿದ್ದ ಬಡಪಾಯಿಗಳಿಗೂ ಉಗಿ ಹೇಗೆ ಪೋಲಾಗುತ್ತದೆಂದು ವಿವರಿಸಿದವರು ಅವರು. ಅಂಥವರ ಮನೆಯ ಹಿತ್ತಿಲಲ್ಲೇ ಒಂದು ಬಾಯ್ಲರ್ ಸೌದೆಯನ್ನು ಬಕಾಸುರನ ಹಾಗೆ ನುಂಗಿತು ಎಂದರೆ, ದೇವರಿಗೂ ಆಗಾಗ ತಮಾಷೆ ಬೇಕಾಗುತ್ತದೆ ಅಂತಲೇ ಲೆಕ್ಕ.

ಆದದ್ದಿಷ್ಟು. ಎರಡು ಸಾವಿರದ ಹನ್ನೊಂದರ ದೀಪಾವಳಿ ಮುಗಿದ ಮೇಲೆ ಮಗಳು ಗಗನಾ ಹೆತ್ತು, ಕೂಸಿನೊಂದಿಗೆ ಬಾಣಂತನಕ್ಕೆ ತವರಿಗೆ ಬಂದಳು. ಗಗನಾ ಹುಟ್ಟಿದಾಗ ಯಜ್ಞೇಶ್ವರರು ಶಿಫ್ಟಿನಲ್ಲಿದ್ದರು. ಅವಳು ತೊಟ್ಟಿಲಿನಿಂದ ಇಳಿದು ಶಾಲೆಗೆ ಹೋದದ್ದೂ ಅವರಿಗೆ ಕೇಳಿ ಗೊತ್ತು, ನೋಡಿ ಅಲ್ಲ. ಈ ಸಲ ಹಾಗಾಗಕೂಡದೆಂದು, ವರ್ಷಗಟ್ಟಲೆ ಕೂಡಿಟ್ಟ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ಮನೆಯಲ್ಲಿ ಕೂತರು.

ಮನೆಯಲ್ಲಿ ಕೂತ ಗಂಡಸಿಗೆ ಕೆಲಸ ಬೇಕಲ್ಲ! ಹೆಂಡತಿ ಅನಸೂಯ ಮೈಸೂರಿನ ಅಗ್ರಹಾರದವರು. "ಗೀಸರ್ ನೀರು ಬಾಣಂತಿ ಮೈಗೆ ನಾಟಲ್ಲ ರೀ. ಸೌದೆ ಒಲೇಲಿ ಕಾದ ನೀರು ಬೇಕು, ಹಂಡೆಗಟ್ಟಲೆ ಬೇಕು. ನಮ್ಮ ಪುಟ್ಟ ಗೀಸರಲ್ಲಿ ಒಂದು ಬಕೆಟ್ಟೂ ಬರಲ್ಲ," ಅಂದರು. ಇಷ್ಟು ಸಾಕಾಯಿತು. ಇವರು ಹಳೇ ಹಂಡೆ ಇಟ್ಟು ಮೂರು ಕಲ್ಲು ಹೂಡಿದ್ದರೆ ಕತೆಯೇ ಇರುತ್ತಿರಲಿಲ್ಲ. ಎಂಜಿನಿಯರ್ ಅಲ್ಲವೇ? ದಪ್ಪ ತಗಡಿನ ಡ್ರಮ್ಮು, ಅದರ ಹೊಟ್ಟೆಯಲ್ಲಿ ಒಲೆ, ಒಲೆಗೊಂದು ಕಬ್ಬಿಣದ ಬಾಗಿಲು, ತಲೆಯ ಮೇಲೆ ಚಿಮಣಿ, ಗೋಡೆ ತೂರಿ ನೇರ ಬಚ್ಚಲಿಗೆ ಹೋಗುವ ಪೈಪು. ರೋ ಹೌಸಿನ ಹಿತ್ತಿಲು ನೋಡಿದವರಿಗೆ ಅಲ್ಲಿಂದ ರೈಲು ಹೊರಡುತ್ತದೇನೋ ಅನ್ನಿಸುವಂತಿತ್ತು.

ಮೊದಲ ಟೆಂಪೋ ಸೌದೆ ಕಣ್ಣುಮುಚ್ಚಿ ಬಿಡುವುದರೊಳಗೆ ಖಾಲಿ. ಎರಡನೆಯ ಟೆಂಪೋ ಬಂದಾಗ ಸೊಸೈಟಿಯ ಸೆಕ್ರೆಟರಿ ಜಯೇಶ್ ಗೇಟಿನಲ್ಲೇ ಅಡ್ಡ ನಿಂತ. "ಅಂಕಲ್, ಯೇ ಲಾಸ್ಟ್ ಹೈ, ಹಾಂ! ಸಬ್ ಲೋಗ್ ಕಂಪ್ಲೇಂಟ್ ಕರ್ ರಹೇ ಹೈಂ. ಇಸ್ಕೆ ಬಾದ್ ಲಕ್ಡೀ ಬಂದ್." ಇದೇ ಕೊನೆ, ಇನ್ನು ಸೌದೆ ಒಳಗೆ ಬಿಡುವುದಿಲ್ಲವೆಂದು ಅವನ ತೀರ್ಪು. ಪಾಪ, ಅವನದೂ ತಪ್ಪಿಲ್ಲ. ಅಕ್ಕಪಕ್ಕದ ಮನೆಯವರ ಒಣಗಿದ ಬಟ್ಟೆಗಳೆಲ್ಲ ಹೋಮಕ್ಕೆ ಹೋಗಿ ಬಂದ ವಾಸನೆ ಹೊಡೆಯುತ್ತಿದ್ದವು.

ಸುದ್ದಿ ಪಕ್ಕದೂರು ಕಲ್ಯಾಣಕ್ಕೆ ಮುಟ್ಟಿತು. ಅಲ್ಲಿದ್ದವರು ಬೀಗಿತ್ತಿ ದ್ರೌಪದಿ, ಗಗನಾಳ ಅತ್ತೆ. ಧಾರವಾಡದ ಕಡೆಯವರು, ಮಾತು ನೇರ. ಫೋನಿನಲ್ಲೇ ಹೇಳಿಬಿಟ್ಟರು: "ಬೀಗರ, ನಮ್ಮನ್ಯಾಗ ದೊಡ್ಡ ಗೀಸರ್ ಐತಿ. ನಿಮ್ಮ ಕಟ್ಟಿಗಿ ತೀರಿದ ದಿನಾ ಗಾಡಿ ತೊಗೊಂಡು ಬರ್ತೀನಿ, ಸೊಸಿನ್ನೂ ಕೂಸನ್ನೂ ಕರಕೊಂಡು ಹೋಗ್ತೀನಿ. ತಣ್ಣೀರಾಗ ಬಾಣಂತಿ ಎರಕೊಳ್ಳೂದು ಬ್ಯಾಡ."

ಹಿತ್ತಿಲಲ್ಲಿ ಸೌದೆ ಇರುವವರೆಗೆ ಮೊಮ್ಮಗಳು ಮನೆಯಲ್ಲಿ. ಸೌದೆ ಮುಗಿದರೆ ತೊಟ್ಟಿಲು ಖಾಲಿ. ವಿಷಯ ಇಷ್ಟು ಸರಳ. ಯಜ್ಞೇಶ್ವರರು ತೋಳೇರಿಸಿದರು.

ಮೊದಲು ಸೌದೆ ಹಸಿಯಿದೆಯೆಂದು ತೀರ್ಮಾನವಾಯಿತು. ಒಂದೊಂದು ತುಂಡನ್ನೂ ಕಿವಿಯ ಹತ್ತಿರ ಹಿಡಿದು ತಟ್ಟಿ ನೋಡಿದರು, ಸೀಳಿದರು, ಟೆರೇಸಿಗೆ ಹೊತ್ತೊಯ್ದು ಅನಸೂಯ ಹಾಕಿದ್ದ ಸಂಡಿಗೆಯನ್ನು ಮೂಲೆಗೆ ಸರಿಸಿ ಒಣಗಿಸಿದರು. ಸಂಡಿಗೆ ಕೆಟ್ಟಿತು, ಸೌದೆ ಖರ್ಚು ಹಾಗೇ ಇತ್ತು. ಆಮೇಲೆ ಮಸಿಯ ಮೇಲೆ ಅನುಮಾನ. ಮಸಿ ಕಟ್ಟಿದರೆ ಶಾಖ ನೀರಿಗೆ ತಾಗುವುದಿಲ್ಲವೆಂದು ಡ್ರಮ್ಮಿನೊಳಗೆ ಅರ್ಧ ದೇಹ ತೂರಿಸಿ ಕೆರೆದು, ಹೊರಬಂದು ಮಗಳ ಕೋಣೆಯ ಬಾಗಿಲಲ್ಲಿ ನಿಂತರು. ಕೂಸು ಹೆದರಿ ಕಿಟಾರನೆ ಕಿರುಚಿತು.

"ಅಯ್ಯೋ, ಏನು ವೇಷ ಇದು! ಹೋಗಿ ರೀ, ಹೋಗಿ ಒಲೆ ನೋಡ್ಕೊಳ್ಳಿ," ಎಂದು ಅನಸೂಯ ಗದರಿದರು.

ಇದೇನು ಹೊಸದಲ್ಲ. ಬಾಣಂತಿ ಕೋಣೆಯೆಂದರೆ ಎಣ್ಣೆ, ಸಾಂಬ್ರಾಣಿ ಹೊಗೆ, ಹಾಲು, ಹೆಂಗಸರು. ಅಲ್ಲಿ ಗಂಡಸು ನಿಂತರೆ ಕಾಲಿಗೆ ತೊಡರುವ ಸ್ಟೂಲು. ಯಜ್ಞೇಶ್ವರರು ಬಾಗಿಲಲ್ಲಿ ಕಾಣಿಸಿಕೊಂಡಾಗಲೆಲ್ಲ ಅನಸೂಯರ ಬಾಯಿಂದ ಒಂದೇ ಮಂತ್ರ: "ಒಲೆ ನೋಡ್ಕೊಳ್ಳಿ." ಇವರೂ ವಿಧೇಯರಾಗಿ ಹೋಗಿ ನೋಡಿಕೊಳ್ಳುತ್ತಿದ್ದರು.

ಮುಂದಿನ ಆರೋಪಿ ಪೈಪು. ಬಿಸಿಯೆಲ್ಲ ಅಲ್ಲೇ ಸೋರುತ್ತಿದೆಯೆಂದು ಅದಕ್ಕೆ ಗೋಣಿಚೀಲ ಸುತ್ತಿದರು. ಸಾಲದೆಂದು ಅನಸೂಯ ಹೆಣೆದುಕೊಟ್ಟಿದ್ದ ಸ್ವೆಟರ್ ತೊಡಿಸಿದರು. ಡೊಂಬಿವಲಿಯ ಚಳಿಗೆ ಮನುಷ್ಯರೇ ಸ್ವೆಟರ್ ಹಾಕುವುದಿಲ್ಲ, ಇವರ ಪೈಪು ಹಾಕಿಕೊಂಡು ಬೆಚ್ಚಗಿತ್ತು. ಚಿಮಣಿಯ ಬಾಯಿಗೆ ಅಡ್ಡ ತಗಡು ಕೂರಿಸಿದರು. ಹೊಗೆ ತಿರುಗಿ ಅವರ ಮುಖಕ್ಕೇ ಬಂತು. ತಗಡು ತೆಗೆದರು. ಸೌದೆಯ ರಾಶಿ ಮಾತ್ರ ಸೊಂಟದೆತ್ತರದಿಂದ ತೊಡೆಗೆ, ತೊಡೆಯಿಂದ ಮೊಣಕಾಲಿಗೆ ಇಳಿಯುತ್ತಲೇ ಹೋಯಿತು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿದ್ದಿತ್ತಂತೆ ಎಂಬ ಗಾದೆ ಯಜ್ಞೇಶ್ವರರಿಗೆ ಬೇಡವೆಂದರೂ ನೆನಪಾಗುತ್ತಿತ್ತು. ಇವರಂತೂ ಬಿದ್ದದ್ದೂ ಬಚ್ಚಲ ಹಿಂದೆಯೇ. "ನಾನು ಕಾರ್ಖಾನೆಯಲ್ಲಿ ಸಂಬಳ ತಗೊಂಡದ್ದು ಯಾವ ಕೆಲಸಕ್ಕೋ!" ಎಂದು ಬಾಯ್ಲರಿಗೇ ಹೇಳಿದರು. ಅದು ಬುಸ್ಸೆಂದಿತು.

ಭಾನುವಾರ ದ್ರೌಪದಿ ಬಂದೇಬಿಟ್ಟರು. ಬಂದವರು ಕೂಸಿನ ಮುಖ ನೋಡುವ ಮೊದಲು ಹಿತ್ತಿಲಿಗೆ ಹೋಗಿ ರಾಶಿಯ ಮುಖ ನೋಡಿದರು.

"ಇದು ಇನ್ನ ಎರಡ ದಿನಾ ಬಂದ್ರ ಭಾಳ ಆತು. ಸುಮ್ಮನ ಯಾಕ ಬೀಗರ? ಇವತ್ತ ಕರಕೊಂಡು ಹೊಕ್ಕೀನಿ. ಗಾಡಿ ನಿಂತೈತಿ."

ಯಜ್ಞೇಶ್ವರರು ರಾಶಿಯನ್ನು ಮತ್ತೊಮ್ಮೆ ಕಣ್ಣಲ್ಲೇ ಅಳೆದರು. ಲೆಕ್ಕ ತಪ್ಪಾಗಿದೆ, ಎಲ್ಲಿ ಅಂತ ಗೊತ್ತಿಲ್ಲ. "ಆಗಲಿ ಬೀಗರೇ. ನನ್ನ ಕೈಲಿ ಆಗಲಿಲ್ಲ," ಅಂದರು. ಜೀವಮಾನದಲ್ಲಿ ಅವರು ಆಡಿದ ಅತ್ಯಂತ ಚಿಕ್ಕ ಭಾಷಣ ಅದು.

ಹೆಂಗಸರು ಒಳಗೆ ಹೋಗಿ ಕೂಸಿನ ಬಟ್ಟೆ ಮಡಚತೊಡಗಿದರು. ಗಗನಾ ಮಂಚದ ಮೇಲೆ ಕೂತಿದ್ದಳು. ಅಷ್ಟರಲ್ಲಿ ಕೂಸು ಅತ್ತಿತು. ಯಜ್ಞೇಶ್ವರರು ಬಾಗಿಲಿಗೆ ಬಂದರು. ಅನಸೂಯ ತಲೆಯೆತ್ತದೆಯೇ, "ಒಲೆ ನೋಡ್ಕೊಳ್ಳಿ ರೀ," ಅಂದರು. ಹಿತ್ತಿಲಿನಿಂದ ಕಬ್ಬಿಣದ ಬಾಗಿಲು ಧಡಾರೆಂದಿತು. ಕೂಸು ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಅತ್ತಿತು. ಮತ್ತೆ ಬಾಗಿಲಲ್ಲಿ ತಲೆ, ಮತ್ತೆ "ಒಲೆ ನೋಡ್ಕೊಳ್ಳಿ," ಮತ್ತೆ ಧಡಾರ್.

ದ್ರೌಪದಿ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟರು. "ಅಲ್ಲವಾ ಗಗನಾ, ಕೂಸು ಅತ್ತಾಗೊಮ್ಮಿ ಅಲ್ಲಿ ಧಡಾರ್ ಅಂತೈತಲ್ಲ, ಏನದು?"

"ಅಪ್ಪ ಒಲೆ ಬಾಗಿಲು ತೆಗೆಯೋದು ಅತ್ತೆ. ಇಲ್ಲಿಗೆ ಬಂದಾಗಿನಿಂದ ಹೀಗೇ," ಎನ್ನುತ್ತಿದ್ದಂತೆ ಗಗನಾಳಿಗೆ ಏನೋ ಹೊಳೆಯಿತು. ಆಮೇಲೆ ಜೋರಾಗಿ ಕರೆದಳು. "ಅಪ್ಪಾ! ಬಾ ಇಲ್ಲಿ. ದಿನಕ್ಕೆ ಎಷ್ಟು ಸಲ ಆ ಬಾಗಿಲು ತೆಗೀತೀಯಾ?"

"ನೋಡಬೇಕಲ್ಲಮ್ಮ," ಯಜ್ಞೇಶ್ವರರು ಉತ್ಸಾಹದಿಂದ ಶುರುಮಾಡಿದರು. "ಬೆಂಕಿ ಅಂದ್ರೆ ಪದೇ ಪದೇ ನೋಡ್ತಿರಬೇಕು. ಫ್ಯಾಕ್ಟರೀಲಿ ಅದಕ್ಕೇಂತ ಗಾಜಿನ ಕಿಂಡಿ ಇರತ್ತೆ, ಬಾಗಿಲು ಮುಚ್ಚಿಕೊಂಡೇ ಒಳಗೆ..."

ಬಾಗಿಲು ಮುಚ್ಚಿಕೊಂಡೇ! ಹೊಸದಾಗಿ ಸೇರಿದ ಹುಡುಗರಿಗೆಲ್ಲ ಅವರು ಕಲಿಸುತ್ತಿದ್ದ ಮೊದಲ ಪಾಠವೇ ಅದು: ಉರಿಯುವಾಗ ಬಾಗಿಲು ತೆಗೆದೆಯೋ, ತಣ್ಣನೆ ಗಾಳಿ ನುಗ್ಗಿತು, ಬಿಸಿಯೆಲ್ಲ ಚಿಮಣಿಯಲ್ಲಿ ಹೊರಟಿತು, ಸೌದೆ ಧಗಧಗ ಉರಿದು ಬೂದಿಯಾಯಿತು, ನೀರು ಮಾತ್ರ ಕಾಯಲಿಲ್ಲ. ಕಿಂಡಿಯಿಲ್ಲದ ಬಾಯ್ಲರನ್ನು ಕಿಂಡಿಯಲ್ಲಿ ನೋಡುವಷ್ಟೇ ಸಲ ತೆರೆದು ನೋಡಿದ್ದರು. ನೋಡಿದ ಮೇಲೆ ಸುಮ್ಮನಿರಲಾರದೆ, ಬಂದದ್ದಕ್ಕೆ ಇರಲಿ ಅಂತ ಪ್ರತಿ ಸಲವೂ ಒಂದು ತುಂಡು ಬೇರೆ ತುರುಕಿದ್ದರು. ಸೌದೆ ಹಸಿಯಿರಲಿಲ್ಲ. ಪೈಪಿಗೆ ಚಳಿಯಾಗಿರಲಿಲ್ಲ. ಇಡೀ ಬಾಯ್ಲರಿನಲ್ಲಿ ಕೆಟ್ಟಿದ್ದ ಭಾಗವೊಂದೇ, ಅದು ಪಂಚೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಿತ್ತು.

"ಥೂ ನನ್ನ!" ಎಂದು ಹಣೆ ಚಚ್ಚಿಕೊಂಡರು. "ಕತ್ತೆ ನಾನು, ಅಪ್ಪಟ ಕತ್ತೆ!"

ದ್ರೌಪದಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಹಂಗಾದ್ರ ಉಳಿದ ಕಟ್ಟಿಗಿ ಇನ್ನ ಭಾಳ ದಿನಾ ಬರತೈತಿ ಬಿಡ್ರಿ," ಅಂದರು. ಅನಸೂಯರಿಗೆ ಮಾತ್ರ ರೇಗಿತು. "ನಾನೇನು ಗಳಿಗೆಗೊಂದು ಸಲ ಒಲೆ ತೆಗೆದು ನೋಡಿ ಅಂದಿದ್ನಾ? ಬಾಗಿಲಿಗೆ ಅಡ್ಡ ಬಂದು ನಿಲ್ತಿದ್ರಿ, ಅದಕ್ಕೆ ಹೋಗಿ ಅಂತಿದ್ದೆ. ಅಷ್ಟು ಸಲ ಇಲ್ಲಿಗೆ ಬರ್ತಿದ್ದಾದ್ರೂ ಯಾಕೆ?"

ಯಜ್ಞೇಶ್ವರರು ತಲೆ ತಗ್ಗಿಸಿದರು.

"ಮಗು ಅಳ್ತಿತ್ತಲ್ಲ," ಅಂದರು. "ಯಾರಾದ್ರೂ ಎತ್ತಿಕೋ ಅಂತಾರೇನೋ ಅಂತ ಬರ್ತಿದ್ದೆ."

ಅನಸೂಯ ಅತ್ತ ತಿರುಗಿ, ಮಡಚಿದ್ದ ಬಟ್ಟೆಯನ್ನೇ ಮತ್ತೊಮ್ಮೆ ಮಡಚಿದರು. ಆ ಸೌದೆಯೆಲ್ಲ ಏಕೆ ಉರಿದುಹೋಯಿತೆಂದು ಗಗನಾಳಿಗೆ ಅರ್ಥವಾಗಿ ಕಣ್ಣು ತುಂಬಿತು. ಅವಳು ಎದ್ದು, ಮಂಚದ ಮೇಲೆ ಜಾಗ ಮಾಡಿ, ಅಪ್ಪನನ್ನು ಕೈಹಿಡಿದು ಕೂರಿಸಿ, ಕೂಸನ್ನು ಅವರ ತೊಡೆಯ ಮೇಲೆ ಮಲಗಿಸಿದಳು.

"ಎರಡೂ ಕೈಯಲ್ಲಿ ಹಿಡ್ಕೋ. ಕತ್ತಿನ ಕೆಳಗೆ ಒಂದು ಕೈ ಇರಲಿ."

ಯಜ್ಞೇಶ್ವರರು ಹಿಡಿದುಕೊಂಡರು. ಕೂಸು ಮುಖ ಕಿವುಚಿ, ಬಾಯಿ ತೆರೆದು, ಮನೆಯೇ ಹಾರಿಹೋಗುವಂತೆ ಅಳತೊಡಗಿತು. ಅವರು ಗಾಬರಿಯಿಂದ ಅರ್ಧ ಎದ್ದರು.

"ಎಲ್ಲಿಗೆ ಹೊರಟೆ?" ಅಂದಳು ಗಗನಾ.

"ಒಲೆ..."

"ಕೂತ್ಕೋ ಅಪ್ಪ."

ಅವರು ಕೂತರು. ದ್ರೌಪದಿ ಕಿಟಕಿಯಿಂದ ಹೊರಗೆ ಬಗ್ಗಿ, ಡ್ರೈವರಿಗೆ ಖಾಲಿ ಗಾಡಿಯನ್ನೇ ತಿರುಗಿಸಿಕೊಂಡು ಕಲ್ಯಾಣಕ್ಕೆ ಹೋಗಲು ಹೇಳಿದರು.